ಹಿಡಿಯದ ಮೀನು, ಕದಲದ ಗೆರೆ

ಮನುಷ್ಯ ಸುಳ್ಳು ಹೇಳಬಹುದು, ಯಂತ್ರ ಹೇಳುವುದಿಲ್ಲ. ಅರಸೀಕೆರೆಯ ನಮ್ಮ ಪುನಶ್ಚೇತನ ಕೇಂದ್ರದಲ್ಲಿ ಆಗ ಎಲ್ಲರೂ ನಂಬಿದ್ದ ಮಾತು ಇದು. ಡಾಕ್ಟರು ನಂಬಿದ್ದರು, ಏಕೆಂದರೆ ಯಂತ್ರಗಳನ್ನು ತರಿಸಿದವರು ಅವರೇ. ರೋಗಿಗಳು ನಂಬಿದ್ದರು, ಏಕೆಂದರೆ ಡಾಕ್ಟರು ನಂಬಿದ್ದರು. ನಾನು ಅಲ್ಲಿ ಫಿಸಿಯೋಥೆರಪಿಸ್ಟ್. ನನ್ನನ್ನು ಯಾರೂ ಕೇಳಲಿಲ್ಲ. ಹೊಸ ಯಂತ್ರ ಬಂದ ಕಡೆ ಇಂಥ ಪ್ರಸಂಗಗಳೂ ಅದರ ಜೊತೆಗೇ ಬರುತ್ತವೆ, ಬೇರೆ ಆರ್ಡರ್ ಕೊಡಬೇಕಾಗಿಲ್ಲ.

ಆ ದಿನಗಳಲ್ಲಿ ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಬೇಲೂರಿನ ಗೈಡ್ ಒಬ್ಬರಿದ್ದರು. ಪ್ರವಾಸಿಗರಿಗೆ ದೇವಸ್ಥಾನ ತೋರಿಸುವ ಕೆಲಸ. ಲಕ್ವ ಹೊಡೆದು ಎಡಗಾಲು ಎಳೆಯುತ್ತಿತ್ತು. ನಾಲಿಗೆಗೆ ಏನೂ ಆಗಿರಲಿಲ್ಲ. ಅರಸೀಕೆರೆಯಲ್ಲಿ ಸಿಮೆಂಟು ಅಂಗಡಿ ಇಟ್ಟಿದ್ದ ಅವರ ಹೆಂಡತಿಯ ತಮ್ಮ, ಭಾವ ಇನ್ನು ನಡೆಯುವ ಕೆಲಸ ಬಿಟ್ಟು ತನ್ನ ಅಂಗಡಿಯ ಗಲ್ಲಾದಲ್ಲಿ ಕೂರಲಿ ಎಂದು ಹಟ ಹಿಡಿದಿದ್ದ. ಗೈಡಿಗೆ ಗಲ್ಲಾ ಎಂದರೆ ಎರಡನೇ ಲಕ್ವ. ಡಾಕ್ಟರು ಹೇಳಿದಂತೆ ಆಗಲಿ ಎಂದು ಇಬ್ಬರೂ ಒಪ್ಪಿದರು. ಯಂತ್ರ ಹೇಳಿದಂತೆ ಆಗಲಿ ಎಂದರು ಡಾಕ್ಟರು.

೧. ಹೊರಡುವ ಮಾತು

ಜಾವಗಲ್ ಕಡೆಯ ಅಜ್ಜಿಯೊಬ್ಬರಿಗೆ ಲಕ್ವದಿಂದ ಮಾತು ಹೋಗಿತ್ತು. ಒಂದೊಂದೇ ಪದ, ಅದೂ ತಡವರಿಸಿ. ಅವರಿಗಾಗಿ ಮಾತು ಕಲಿಸುವ ಟ್ಯಾಬ್ ಬಂತು. ಅದು ಚಿತ್ರ ತೋರಿಸಿ ಪ್ರಶ್ನೆ ಕೇಳುತ್ತದೆ, ಉತ್ತರ ಕೇಳಿಸಿಕೊಂಡು ತೀರ್ಪು ಕೊಡುತ್ತದೆ.

ಹೆಂಗಸೊಬ್ಬಳು ಚೀಲ ಹಿಡಿದು ಹೊಸ್ತಿಲು ದಾಟುವ ಚಿತ್ರ ಬಂತು. ಈಕೆ ಮನೆಯವರಿಗೆ ಏನು ಹೇಳುತ್ತಾಳೆ ಎಂದು ಪ್ರಶ್ನೆ.

"ಬತ್ತೀನಿ," ಎಂದರು ಅಜ್ಜಿ.

"ತಪ್ಪು. ಸರಿಯಾದ ಉತ್ತರ: ಹೋಗುತ್ತೇನೆ."

ಅಜ್ಜಿ ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ, ಅದೇ ತೀರ್ಪು. ಮತ್ತೊಂದು ಸಲ ಆದಾಗ ಅಜ್ಜಿ ಟ್ಯಾಬನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮನೆ ಬುಟ್ಟು ಹೊರಡೋವಾಗ ಹೋಯ್ತೀನಿ ಅಂತ ಯಾರಾನ ಅಂತಾರಾ? ನಿಂಗೆ ಮಾತು ಕಲಿಸೋಕೆ ಮನೇಲಿ ಯಾರೂ ಇರ್ಲಿಲ್ವಾ? ಹೋಗೋದಾದ್ರೆ ನೀನೇ ಹೋಗು."

ಲಕ್ವ ಹೊಡೆದ ಮೇಲೆ ಅವರು ಒಂದೇ ಉಸಿರಿಗೆ ಆಡಿದ ಮೊದಲ ಮಾತು ಅದು. ಹೊರಗೆ ಕೂತಿದ್ದ ಮಗಳು ಕೇಳಿಸಿಕೊಂಡು ಅಳುತ್ತಾ ಒಳಗೆ ಓಡಿಬಂದಳು. ಟ್ಯಾಬ್ ಸ್ವಲ್ಪ ಹೊತ್ತು ಯೋಚಿಸಿ, "ತಪ್ಪು. ಮತ್ತೊಮ್ಮೆ ಪ್ರಯತ್ನಿಸಿ," ಎಂದಿತು.

೨. ಮೀನು

ಹಳೇಬೀಡಿನ ಜೈನ ವ್ಯಾಪಾರಿಯೊಬ್ಬರ ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಅವರನ್ನು ದೊಡ್ಡ ಪರದೆಯ ಮುಂದೆ ನಿಲ್ಲಿಸಿದೆವು. ಪರದೆಯ ತುಂಬ ನೀರು, ನೀರಿನ ತುಂಬ ಮೀನು. ಕೈ ಆಡಿಸಿದಂತೆ ಪರದೆಯಲ್ಲೊಂದು ಬಲೆ ಆಡುತ್ತದೆ. ಮೀನು ಹಿಡಿದಷ್ಟೂ ಅಂಕ.

ಆಟ ಮುಗಿದಾಗ ಅಂಕ ಸೊನ್ನೆ. ಮುಂದಿನ ಸಲವೂ ಸೊನ್ನೆ. "ತೋಳಿನ ಚಲನೆ ತೃಪ್ತಿಕರವಾಗಿಲ್ಲ" ಎಂದು ಪರದೆ ಬರೆಯಿತು. ಡಾಕ್ಟರು ಬೇಸರದಿಂದ, ಕೈಯಲ್ಲಿ ಶಕ್ತಿಯೇ ಇಲ್ಲವೇನೋ ಎಂದರು.

"ಶಕ್ತಿ ಇದೆ ಡಾಕ್ಟ್ರೇ. ಆದರೆ ನಾವು ಹಿಡಿಯೋ ಹಾಗಿಲ್ಲವಲ್ಲ."

ಆಮೇಲೆ ನಾನು ಪರದೆ ಬಿಟ್ಟು ಅವರನ್ನೇ ನೋಡಿದೆ. ಮೀನು ಎಡದಿಂದ ಬಂದರೆ ಬಲೆಯನ್ನು ಬಲಕ್ಕೆ ಸೆಳೆಯುತ್ತಿದ್ದರು. ಕೆಳಗಿನಿಂದ ಬಂದರೆ ತಲೆಯ ಮೇಲಕ್ಕೆ ಎತ್ತುತ್ತಿದ್ದರು. ಒಂದು ಜೀವಕ್ಕೂ ತಾಗದ ಹಾಗೆ, ಬೆವರುತ್ತಾ. ನಮ್ಮಲ್ಲಿ ಯಾವ ರೋಗಿಯೂ ಅಷ್ಟು ಚೆನ್ನಾಗಿ ತೋಳು ಆಡಿಸಿದ್ದಿಲ್ಲ. ಅವರು ಗುಣವಾಗಿ ಹೋದರು. ಅಂಕ ಸೊನ್ನೆಯಾಗಿಯೇ ಉಳಿಯಿತು.

೩. ಹಿನ್ನಡೆ

ಆಮೇಲೆ ಕಣ್ಣಿಗೆ ಕಟ್ಟುವ ಪೆಟ್ಟಿಗೆ ಬಂತು. ಕಟ್ಟಿಕೊಂಡರೆ ಯಾವುದೋ ವಿದೇಶದ ತೋಟ ಕಾಣುತ್ತದೆ. ಎರಡು ಕಂಬಿಗಳ ನಡುವೆ ನಡೆದರೆ ತೋಟದಲ್ಲಿ ನಡೆದಂತಾಗುತ್ತದೆ.

ನಮ್ಮ ಗೈಡಿಗೆ ಕಟ್ಟಿದೆವು. ತೋಟ ಕಂಡಿದ್ದೇ ತಡ, ಅವರು ತಿರುಗಿ ನಿಂತು ಎರಡೂ ಕಂಬಿ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಎಡಗಡೆಯ ಕೊಳವನ್ನು ಗಮನಿಸಬೇಕೆಂದು ಯಾರಿಗೋ ಹೇಳತೊಡಗಿದರು. ಮುಂದೆ ನಡೆಯಿರಿ ಎಂದು ತಡೆದೆ.

"ಜನಕ್ಕೆ ಬೆನ್ನು ತೋರಿಸಿಕೊಂಡು ಹೆಂಗ್ರೀ ಮಾತಾಡೋದು?" ಎಂದರು.

ಹಿಂದಕ್ಕೆ ನಡೆಯುವುದು ಮುಂದಕ್ಕೆ ನಡೆಯುವುದಕ್ಕಿಂತ ಕಷ್ಟ. ಅದು ಅವರಿಂದ ಆಗುತ್ತಿತ್ತು. ನಾನು ಖುಷಿಪಟ್ಟೆ. ವಾರದ ಕೊನೆಗೆ ಯಂತ್ರದ ವರದಿ ಬಂತು, ಕನ್ನಡದಲ್ಲೇ, ಒಂದೇ ಪದ: "ಹಿನ್ನಡೆ."

ಭಾಮೈದ ಅಂದೇ ಗಲ್ಲಾಕ್ಕೆ ಕುಷನ್ ಕುರ್ಚಿ ತಂದ.

೪. ಗೆರೆ

ಕೊನೆಯ ಅವಕಾಶ ಎಂದು ಡಾಕ್ಟರು ಗೈಡಿಗೆ ಒಂದು ಜೊತೆ ಶೂ ಕೊಟ್ಟರು. ಅದರ ಅಟ್ಟೆಯೊಳಗೆ ಯಂತ್ರ, ಹಿಮ್ಮಡಿಯಲ್ಲೊಂದು ಹಸಿರು ದೀಪ. ಎಷ್ಟು ನಡೆದಿರಿ, ಹೇಗೆ ನಡೆದಿರಿ ಎಂಬುದೆಲ್ಲ ಆ ಕ್ಷಣವೇ ಅರಸೀಕೆರೆಗೆ ಬಂದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ. ಬೇಲೂರಿಗೆ ಹೋಗಿ ಸ್ವಲ್ಪ ದಿನ ಕೆಲಸ ಮಾಡಿ ನೋಡಿ, ಗೆರೆ ಚೆನ್ನಾಗಿದ್ದರೆ ಗೈಡ್ ಆಗಿಯೇ ಇರಿ, ಇಲ್ಲದಿದ್ದರೆ ಅಂಗಡಿ ಎಂದರು.

ಗೆರೆ ಬೆಳಿಗ್ಗೆ ಸ್ವಲ್ಪ ಕುಣಿಯುತ್ತಿತ್ತು, ಸಂಜೆ ಸ್ವಲ್ಪ ಕುಣಿಯುತ್ತಿತ್ತು. ನಡುವೆ ಇಡೀ ದಿನ ಸತ್ತಂತೆ ಮಲಗಿರುತ್ತಿತ್ತು. ದಿನವೂ ಹೀಗೇ.

ಗೈಡನ್ನು ಕರೆಸಿದರು. ಪಾಪ, ನಡೆದೂ ನಡೆದೂ ಕಾಲು ನೋಯುತ್ತಿದೆ ಎಂದು ಅವರು ಬಡಕೊಂಡರು. ಶೂ ದಿನಾ ಹಾಕಿದ್ದಿರಾ ಎಂದರೆ, ಮನೆಯಿಂದ ಹಾಕಿಕೊಂಡೇ ಹೊರಡುತ್ತೇನೆ, ಹಾಕಿಕೊಂಡೇ ಬರುತ್ತೇನೆ ಎಂದರು. ಯಂತ್ರ ಹೇಳಿದ ಮೇಲೆ ರೋಗಿಯನ್ನು ಇನ್ನೊಂದು ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿ ನಿಂತುಹೋಗಿತ್ತು.

ಭಾಮೈದ ಪರದೆ ತೋರಿಸಿ ಮೆತ್ತಗೆ ಹೇಳಿದ: "ಭಾವ, ಒಂದ್ ಕಡೆ ಕೂತ್ಕೊಂಡೇ ಇದ್ದೀರಾ. ಕೂರೋದೇ ಆದ್ರೆ ನಮ್ಮಂಗಡೀಲಿ ಫ್ಯಾನ್ ಐತೆ."

ಗೈಡ್ ತಲೆ ತಗ್ಗಿಸಿ ಬೇಲೂರಿನ ಬಸ್ಸು ಹತ್ತಿದರು.

ನಡೆಯುವ ಕೆಲಸಕ್ಕೆ ಇವರು ಅನರ್ಹ ಎಂಬ ಪತ್ರ ಟೈಪಾಯಿತು. ಸಹಿಗೆ ಮುಂಚೆ ಒಮ್ಮೆ ಕಣ್ಣಾರೆ ನೋಡಿ ಬರುತ್ತೇನೆ ಎಂದೆ. ಯಾಕೆ ಬೇಕ್ರೀ ಎಂದರು ಡಾಕ್ಟರು, ಆದರೂ ಕಳಿಸಿದರು.

ಮರುದಿನ ಮಧ್ಯಾಹ್ನ ಬೇಲೂರಿನ ದೇವಸ್ಥಾನ ತಲುಪಿದೆ. ಗೈಡ್ ಒಂದು ದೊಡ್ಡ ಗುಂಪನ್ನು ಕರೆದುಕೊಂಡು ಗುಡಿಯ ಸುತ್ತಲಿನ ಜಗತಿಯ ಕಲ್ಲುಕಟ್ಟೆಯ ಮೇಲೆ ಸುತ್ತು ಬರುತ್ತಿದ್ದರು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಗುಂಪಿನವರೇ ಏದುಸಿರು ಬಿಡುತ್ತಾ ಹಿಂದೆ ಬಿದ್ದಿದ್ದರು. ಫೋನ್ ತೆಗೆದು ಡಾಕ್ಟರಿಗೆ ಹೇಳಿದೆ.

"ನನ್ನ ಮುಂದೇನೇ ಇದೆ ಕಣ್ರೀ ಗೆರೆ. ಒಂದಿಷ್ಟೂ ಕದಲ್ತಿಲ್ಲ. ಶೂ ಆಫ್ ಆಗಿರ್ಬೇಕು."

"ಇಲ್ಲ ಸರ್, ಆನ್ ಇದೆ. ಒಳಗೆ ಬರುವಾಗ ನೋಡಿದೆ, ಹಸಿರು ದೀಪ ಉರೀತಿತ್ತು."

"ಮತ್ತೆ?"

"ಸರ್, ದೇವಸ್ಥಾನದೊಳಗೆ ಯಾರೂ ಶೂ ಹಾಕ್ಕೊಂಡು ಹೋಗಲ್ಲ."