ಸೋರದ ವಾಲ್ವಿನ ಸೋರಿಕೆ

ಯಂತ್ರ "ಪೀಂ" ಎಂದದ್ದೇ ತಡ, ಅನುಮಾನಣ್ಣನ ಎದೆ ಧಸಕ್ಕೆಂದಿತು.

ಅವನು ವಾಲ್ವ್ ಜೋಡಿಸುವ ಫಿಟ್ಟರ್. ಅನುಮಾನಣ್ಣ ಎಂಬುದು ಜೊತೆಯವರು ಇಟ್ಟ ಹೆಸರು. ಟೀ ಕೊಟ್ಟರೂ ಮೊದಲು ಮೂಸಿ ನೋಡುವವನಿಗೆ ಬೇರೆ ಯಾವ ಹೆಸರು ಒಪ್ಪೀತು? ಈ ಸಲ ಅವನು ಜೋಡಿಸಿದ್ದು ಅಂತರಿಕ್ಷ ನೌಕೆಗೆ ಹೋಗುವ ಮುಷ್ಟಿಗಾತ್ರದ ವಾಲ್ವ್. ಗಾಳಿಯೇ ದ್ರವವಾಗುವಷ್ಟು ತಣ್ಣನೆಯ ಇಂಧನವನ್ನು ಅದು ತಡೆದು ಹಿಡಿಯಬೇಕು. ಅದಕ್ಕೇ ಅದನ್ನು ಅಷ್ಟೇ ತಣ್ಣನೆಯ ದ್ರವದಲ್ಲಿ ಮುಳುಗಿಸಿ, ಒಳಗೆ ಹೀಲಿಯಂ ಗ್ಯಾಸ್ ತುಂಬಿ, ಮೇಲೆ ಸೋರಿಕೆ ಪತ್ತೆಹಚ್ಚುವ ಯಂತ್ರದ ಮೂಗು ಒಡ್ಡುತ್ತಾರೆ. ಹೀಲಿಯಂ ಎಳ್ಳಷ್ಟು ಸಿಕ್ಕರೂ ಯಂತ್ರ ಕೂಗುತ್ತದೆ.

ಇವತ್ತು ವಾಲ್ವ್ ಪಾಸಾದರೆ ಅವನು ಸೂಪರ್‌ವೈಸರ್. ಹೆಂಡತಿ ಈ ಸುದ್ದಿಯನ್ನು ಬೀದಿಗೆಲ್ಲ ಹಂಚಿಯೂ ಆಗಿತ್ತು.

"ಸೋರ್ತಿದೆ ಕಣೋ" ಎಂದ ವೆಲ್ಡರ್. ಆ ಹುದ್ದೆಯ ಸಾಲಿನಲ್ಲಿ ಅವನೇ ಎರಡನೆಯವನು.

"ನನ್ನ ವಾಲ್ವಾ? ಸಾಧ್ಯಾನೇ ಇಲ್ಲ!"

ಹಿಮ ಕರಗುವವರೆಗೆ ಕಾದು, ಬಿಚ್ಚಿ, ಸೀಲು ಬದಲಿಸಿ ಮತ್ತೆ ಮುಳುಗಿಸಿದ. ಪೀಂ. ಬೋಲ್ಟ್ ಬಿಗಿದು ಬಿಗಿದು ತೋಳು ಬಿದ್ದುಹೋಯಿತು. ಪೀಂ. ತಲೆಕೆಟ್ಟು ವಾಲ್ವನ್ನೇ ಹೊರಗೆ ಇಟ್ಟು ಬಂದ. ಖಾಲಿ ಕೋಣೆಯಲ್ಲೂ ಪೀಂ!

ಅಂದರೆ ಸೋರುತ್ತಿರುವುದು ವಾಲ್ವಲ್ಲ. ಯಾರೋ ಬೇಕೆಂದೇ ಗ್ಯಾಸ್ ಬಿಡುತ್ತಿದ್ದಾರೆ. ಸ್ಟೋರಿಗೆ ಓಡಿ ನೋಡಿದರೆ ನಿನ್ನೆ ತುಂಬಿದ್ದ ಸಿಲಿಂಡರ್ ಅರ್ಧ ಖಾಲಿ. ವೆಲ್ಡರ್ ಸ್ಟೋರಿನ ಅಕ್ಕನ ಕಿವಿಯಲ್ಲಿ ಏನೋ ಉಸುರುತ್ತಿದ್ದ. ಇವನನ್ನು ಕಂಡೊಡನೆ ಇಬ್ಬರ ಬಾಯಿಗೂ ಬೀಗ ಬಿತ್ತು. ಅಕ್ಕ ಸರ್ರನೆ ಹೋಗಿ ಪರೀಕ್ಷಾ ಕೋಣೆಗೆ ಅಂಟಿದ ಸಣ್ಣ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಒಳಗೇನಿದೆ ಅಕ್ಕಾ?"

"ಹಳೇ ಫೈಲು. ಧೂಳು. ನಿಂಗೆ ಸೀನು ಬರುತ್ತೆ, ಹೋಗು."

"ಹಳೇ ಫೈಲಿಗೆ ಕಾವಲು ಯಾಕೆ?"

"ಬೆಳಿಗ್ಗೆ ನನ್ನ ಚೀಟಿಗೆ ಸೈನ್ ಹಾಕುವಾಗ್ಲೂ ನೀನು ಚೀಟಿ ನೋಡ್ಲಿಲ್ಲ, ವೆಲ್ಡರನ್ನೇ ದಿಟ್ಟಿಸ್ತಿದ್ದೆ. ಇಷ್ಟೊಂದು ಅನುಮಾನ ಒಳ್ಳೇದಲ್ಲಪ್ಪಾ."

ಅನುಮಾನಣ್ಣ ನೇರ ಸಾಹೇಬರ ಮುಂದೆ ದೂರು ಬರೆದು ಇಟ್ಟ: ಗ್ಯಾಸ್ ಪಡೆದು ಪೋಲು ಮಾಡಿದವರಿಗೆ ಒಂದು ವರ್ಷ ಬಡ್ತಿ ಕೊಡಕೂಡದು.

"ಅದು ಯಾರೇ ಆಗಿದ್ರೂನಾ?" ಸಾಹೇಬರು ಕೇಳಿದರು.

"ನನ್ನ ಒಡಹುಟ್ಟಿದ ಅಣ್ಣ ಆಗಿದ್ರೂ ಸರಿ, ಸಾರ್!"

ಸಾಹೇಬರು ಬಂದು ಬಾಗಿಲು ತೆಗೆಸಿದರು. ಸೂರಿನ ತುಂಬ ಬಲೂನುಗಳು! ಕೆಳಗೊಂದು ಫಲಕ: 'ಹೊಸ ಸೂಪರ್‌ವೈಸರಿಗೆ ಅಭಿನಂದನೆ'. ತೆಳು ರಬ್ಬರಿನಿಂದ ಜಿನುಗಿದ ಹೀಲಿಯಂ ಬಾಗಿಲ ಸಂದಿನಿಂದ ಪರೀಕ್ಷಾ ಕೋಣೆಗೆ ನುಗ್ಗುತ್ತಿತ್ತು.

"ನಿಂಗೋಸ್ಕರಾನೇ ಕಣೋ" ಎಂದ ವೆಲ್ಡರ್. "ಸ್ವಲ್ಪ ಸುಳಿವು ಸಿಕ್ರೂ ಮೂಸಿಬಿಡ್ತೀಯ ಅಂತ ಮುಚ್ಚಿಟ್ವಿ."

ಅನುಮಾನಣ್ಣನಿಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು. ಬಲೂನುಗಳನ್ನು ಅಂಗಳಕ್ಕೆ ಸಾಗಿಸಿ, ಕೋಣೆಗೆ ಹೊಸ ಗಾಳಿ ಬಿಟ್ಟು ಪರೀಕ್ಷಿಸಿದರು. ಯಂತ್ರ ತುಟಿ ಬಿಚ್ಚಲಿಲ್ಲ. ವಾಲ್ವ್ ಪಾಸು!

"ಸಾರ್, ಆ ದೂರು ಹರಿದು ಹಾಕ್ಬಿಡಿ."

"ಹರೀಬಹುದಿತ್ತು. ಆದ್ರೆ ನೀವು ಮೇಲಿನ ಕಚೇರಿಗೂ ಒಂದು ಪ್ರತಿ ಕಳಿಸಿದ್ದೀರಲ್ಲ?"

ಕಳಿಸಿದ್ದು ನಿಜ. ಸಾಹೇಬರೂ ಆ ಗುಂಪಿನವರೇ ಇರಬಹುದೆಂಬ ಅನುಮಾನ.

"ಗ್ಯಾಸ್ ಪಡೆದದ್ದು ಯಾರು ಅಂತ ಕೇಳ್ತಿದ್ದಾರೆ" ಎಂದರು ಸಾಹೇಬರು. ಅಕ್ಕ ತಲೆ ತಗ್ಗಿಸಿ ಬೆಳಗಿನ ಚೀಟಿ ಕೊಟ್ಟಳು. ಒಂದು ಸಿಲಿಂಡರ್ ಹೀಲಿಯಂ. ಪಡೆದವರ ಜಾಗದಲ್ಲಿ ಅನುಮಾನಣ್ಣ ನೋಡದೆ ಹಾಕಿದ ದುಂಡು ಸಹಿ.

ಫಲಕದಲ್ಲಿ ಯಾರ ಹೆಸರೂ ಇರಲಿಲ್ಲ. ಸಂಜೆ ಅದನ್ನೇ ವೆಲ್ಡರನ ಮೇಜಿಗೆ ಕಟ್ಟಿದರು. ಎಲ್ಲರಿಗೂ ಟೀ ಬಂತು. ಅನುಮಾನಣ್ಣ ಮೊದಲ ಸಲ ಮೂಸದೆ ಗುಟುಕರಿಸಿದ. ನಾಲಿಗೆ ಸುಟ್ಟಿತು.