ಎತ್ತಿನ ಹೊಟ್ಟೆಯಲ್ಲಿ ಕಂಡ ಕಣ್ಣು

ಓದಿ ಕೆಟ್ಟವನು ನಾನು. ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ನಂಬರು ಚೀಟಿ ಅಂಟಿಸುವ ಕೆಲಸ ನನ್ನದು. ಅಂಟಿಸಿ ಸುಮ್ಮನಿರಬೇಕೋ ಬೇಡವೋ? ಒಳಗೇನಿದೆ ಎಂದು ಇಣುಕುವ ಚಟ. ಊಟಕ್ಕೆ ಕೂತಾಗ ಇತಿಹಾಸದ ಒಂದು ವಿಚಿತ್ರ ಕಥೆ ಹೇಳದಿದ್ದರೆ ನನಗೆ ತುತ್ತು ಇಳಿಯುವುದಿಲ್ಲ. ಹೇಳಿದರೆ ಹೆಂಡತಿಗೆ ಇಳಿಯುವುದಿಲ್ಲ.

ಕಳೆದ ವಾರ ಓದಿದ್ದು ಇದು: ಬಟ್ಟೆ, ಹಲಗೆ ದುಬಾರಿಯಾಗಿದ್ದ ಕಾಲದಲ್ಲಿ ಬಡ ಚಿತ್ರಕಾರರು ಹಳೆಯ ಚಿತ್ರದ ಮೇಲೆಯೇ ಹೊಸದನ್ನು ಬರೆದುಬಿಡುತ್ತಿದ್ದರಂತೆ. ಎಷ್ಟೋ ವರ್ಷಗಳ ಮೇಲೆ ಅಡಿಯ ಚಿತ್ರ ಹೊರಬಿದ್ದು ಜನ ಬೆರಗಾದದ್ದೂ ಉಂಟಂತೆ. ಓದಿದ್ದೇ ತಡ, ನಮ್ಮ ಹಜಾರದ ಎತ್ತು ನೆನಪಾಯಿತು.

(ಗಾಬರಿಯಾಗಬೇಡಿ, ಚಿತ್ರದ ಎತ್ತು.) ಅದನ್ನು ಬರೆದವರು ನನ್ನ ಮಾವ, ಅಂಗಡಿಗಳಿಗೆ ಬೋರ್ಡು ಬರೆದು ಸಂಸಾರ ಸಾಗಿಸಿದವರು. ಜನ್ಮದಲ್ಲಿ ಹೊಸ ಹಲಗೆ ಕೊಂಡವರಲ್ಲ. ಹಳೆಯದನ್ನು ಗುಜರಿಯಿಂದ ತಂದು ಅದರ ಮೇಲೆಯೇ ಬಣ್ಣ ಬಳಿಯುವುದು ಅವರ ಅರ್ಥಶಾಸ್ತ್ರ. ಈಗ ಕೈ ನಡುಗುತ್ತದೆ, ಕುಂಚ ಹಿಡಿಯುವಂತಿಲ್ಲ. ಅವರ ಚಿತ್ರಕಾರರ ಸಂಘದವರು ಕೊನೆಗೂ ಅವರ ಒಂದು ಚಿತ್ರವನ್ನು ಪ್ರದರ್ಶನಕ್ಕೆ ಆರಿಸಿದ್ದರು. ಅದೇ ಈ ಎತ್ತು. ಅದನ್ನು ಒಯ್ಯುವ ದಿನ ನಾಲ್ಕು ಗಂಟೆಗೆ ವ್ಯಾನು ಬರುವುದಿತ್ತು. ಮಾವನಿಗೆ ಹೊಸ ಅಂಗಿ ಕೊಡಿಸಲು ಹೆಂಡತಿ ಅವರನ್ನು ಕರೆದುಕೊಂಡು ಹೊರಟಳು.

"ರೀ, ಎತ್ತನ್ನ ಒಣ ಬಟ್ಟೇಲಿ ಒರೆಸಿಡಿ. ಬರೀ ಒಣ ಬಟ್ಟೆ, ಕೇಳಿಸ್ತಾ?"

"ನಾನೇನು ಮಗುವೇನೇ?"

"ಮಗು ಆಗಿದ್ರೆ ಹೇಳಿದ ಹಾಗೆ ಕೇಳ್ತಿತ್ತು."

ಒಣ ಬಟ್ಟೆಯನ್ನೇ ತೆಗೆದುಕೊಂಡೆ, ದೇವರಾಣೆ. ಆಮೇಲೆ ಮಾವ ಬಣ್ಣ ಕರಗಿಸಲು ಇಟ್ಟಿದ್ದ ಥಿನ್ನರನ್ನು ಅದಕ್ಕೊಂದು ಚೂರು ಸೋಕಿಸಿದೆ. ಎತ್ತಿನ ಹೊಟ್ಟೆಯಲ್ಲಿ ಬಟನ್ನಿನಷ್ಟು ಜಾಗ ಒರೆಸಿ ನೋಡಿದರೆ ಯಾರಿಗೇನು ನಷ್ಟ? ಒರೆಸಿದೆ. ಒಳಗಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು!

ಇನ್ನು ಕೈ ನಿಲ್ಲುತ್ತದೆಯೇ? ಮೂಗು ಬಂತು, ಅರ್ಧ ಮೀಸೆ ಬಂತು. ಎಲ್ಲೋ ನೋಡಿದ ಮುಖ. ಖಂಡಿತ ಯಾವುದೋ ಇತಿಹಾಸದ ಪುಸ್ತಕದಲ್ಲೇ ಇರಬೇಕು. ರಾಜನೋ, ಮಂತ್ರಿಯೋ! ಗಡಿಯಾರ ನೋಡಿದೆ, ಮೂರೂಕಾಲು. ಎತ್ತಿನ ಕಡೆ ನೋಡಿದೆ. ಹೊಟ್ಟೆ ಇಲ್ಲ, ಮುಂಗಾಲು ಒಂದಿಲ್ಲ. ಮುದುಕರ ಜೀವಮಾನದ ಮೊದಲ ಪ್ರದರ್ಶನ! ಕಂದು ಬಣ್ಣದ ಎತ್ತಲ್ಲವೇ ಎಂದು ಓಡಿಹೋಗಿ ಬೂಟ್ ಪಾಲಿಷ್ ತಂದು ಮೆತ್ತಿದೆ. ಮೀಸೆ ಇನ್ನಷ್ಟು ದಪ್ಪವಾಯಿತೇ ಹೊರತು ಹೊಟ್ಟೆ ಬರಲಿಲ್ಲ. ಅಷ್ಟರಲ್ಲಿ ಗೇಟು ಕಿರ್ರೆಂದಿತು.

"ಏನ್ರೀ ಇದು ವಾಸನೆ?" ಎನ್ನುತ್ತ ಬಂದ ಹೆಂಡತಿ ಹಲಗೆ ನೋಡಿ ಬಾಗಿಲಲ್ಲೇ ಕಲ್ಲಾದಳು. "ಅಪ್ಪನ ಎತ್ತು! ನಿಮ್ಮ ತಲೆ ಕೆಟ್ಟಿದೆಯೇನ್ರೀ?"

ಅವಳ ಹಿಂದೆ ಹೊಸ ಅಂಗಿ ತೊಟ್ಟು ನಿಂತ ಮಾವನ ಮುಖ ನೋಡಲಾಗದೆ ನಾನು ನೆಲ ನೋಡಿದೆ. "ಮಾವ, ತಪ್ಪಾಯ್ತು. ಆದ್ರೆ ಒಳಗೆ ಯಾರೋ ದೊಡ್ಡ ಮನುಷ್ಯರ ಚಿತ್ರ ಇದೆ. ತುಂಬಾ ಹಳೇದು..."

ಮಾವ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಯ್ಯೋ, ಅಳಿಯಂದ್ರೇ, ಇವರನ್ನ ಯಾಕೆ ಹೊರಗೆ ತಂದ್ರಿ? ಇದು ನೀವೇ ಅಲ್ವೇ!"

"ನಾನಾ?"

"ನಿಮ್ಮ ಮದುವೆ ಉಡುಗೊರೆ ಅಂತ ಬರೆದಿದ್ದೆ. ಇವಳು ಅದನ್ನ ನೋಡಿ, ಇಂಥವರ ಜೊತೆ ಹೇಗಪ್ಪಾ ಬಾಳಲಿ ಅಂತ ಅತ್ತುಬಿಟ್ಟಳು. ಮೇಲೆ ಎತ್ತು ಬರೆದೆ. ಸಮಾಧಾನ ಆಯ್ತು."

ನಾನು ಹೆಂಡತಿಯ ಮುಖ ನೋಡಿದೆ. ಅವಳು ಅಂಗಿ ತಂದ ಚೀಲವನ್ನು ಮಡಿಸತೊಡಗಿದಳು.

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ನನಗೆ ಸಣ್ಣದೊಂದು ಆಸೆ ಹುಟ್ಟಿತು. "ಹಾಗಾದ್ರೆ ಉಳಿದ ಎತ್ತನ್ನೂ ಅಳಿಸಿಬಿಡ್ಲಾ? ಪೂರ್ತಿ ನಾನೇ ಹೋಗ್ತೀನಿ."

"ಬೇಡ!" ಅಪ್ಪ ಮಗಳು ಒಟ್ಟಿಗೇ ಕೂಗಿದರು. ಮಾವ ನಡುಗುವ ಬೆರಳಿನಿಂದ ಒಂದು ಕೊಂಬನ್ನು ಸವರಿದರು. "ಉಳಿದಷ್ಟಾದ್ರೂ ಜನ ನೋಡ್ಲಿ."

ಆ ಮಾತಿಗೆ ನಾನು ಇಂಗು ತಿಂದ ಮಂಗನಂತಾದೆ. ನಾನೇ ಹಲಗೆ ಹೊತ್ತು ವ್ಯಾನಿಗೇರಿಸಿದೆ.

ಚಿತ್ರ ಹಾಗೆಯೇ ಹೋಯಿತು. ಮೇಲೆ ಕೊಂಬು, ನಡುವೆ ನಾನು, ಹಿಂದೆ ಬಾಲ. ಅಡಿಯಲ್ಲಿ ಹೆಂಡತಿ ಸ್ವಹಸ್ತದಿಂದ ಬರೆದ ಚೀಟಿ: 'ಎತ್ತು. ನಡುವೆ ಕಾಣುವವರು ಇದನ್ನು ಕೆಡಿಸಿದ ಅಳಿಯ.' ಮೂರು ದಿನವೂ ಅಲ್ಲಿಯೇ ಜನ ಗುಂಪುಗಟ್ಟಿದರು. ಮಾವನಿಗೆ ಕೈಕುಲುಕಿಸಿಕೊಂಡು ಸಾಕಾಯಿತು. ನನಗೂ ಸಾಕಾಯಿತು. ಏಕೆಂದರೆ, ನೋಡುವವರಿಗೆ ಹೋಲಿಸಿ ನೋಡಲು ಅನುಕೂಲವಾಗಲಿ ಎಂದು ಹೆಂಡತಿ ಚಿತ್ರದ ಪಕ್ಕದಲ್ಲೇ ಒಂದು ಕುರ್ಚಿ ಹಾಕಿ ನನ್ನನ್ನು ಕೂರಿಸಿದ್ದಳು.