ಹಾಯಿಗೆ ಕಟ್ಟಿದ ಜೋಲಿ

ಹಾಯಿ ಬಿದ್ದದ್ದು ಬಿತ್ತು, ಹೋಗಿ ಹೋಗಿ ಮಾವನ ತಲೆಯ ಮೇಲೆಯೇ ಬೀಳಬೇಕೇ? ಕೊಣ್ಣೂರಿನ ವೆಲ್ಡಿಂಗ್ ಅಂಗಡಿಯ ಲಗಮಪ್ಪ ಮೊಬೈಲಿನಲ್ಲಿ ನೋಡಿ ನೋಡಿ ಚೀನಾದವರ ನಮೂನೆಯ ದೋಣಿ ಕಟ್ಟಿದ್ದ. ಹಾಯಿಗೆ ಅಡ್ಡಡ್ಡ ಬಿದಿರು. ಹಗ್ಗ ಸಡಿಲಿಸಿದರೆ ಬಿದಿರಿನ ಸಮೇತ ಎಲ್ಲವೂ ಕೂತವರ ನೆತ್ತಿಗೆ! ಹೋದ ಸಲ ಮಾವ ಸಿದ್ರಾಯನ ತಲೆಗೆ ಸುತ್ತಿದ್ದ ಪಟಕಾ ಘಟಪ್ರಭಾ ಹೊಳೆಯ ಪಾಲಾಗಿತ್ತು.

ಇವತ್ತು ಮೂಡಲಗಿಯಿಂದ ಮಾವನ ಫೋನು ಬಂತು. "ಅಳಿಯಂದ್ರ, ಸಂಜಿಕಿ ಬರ್ತೇನಿ. ಹಾಯಿ ನೆಟ್ಟಗ ಇಳಿಸಿ ತೋರಸ್ರಿ. ಇಲ್ಲಂದ್ರ ಅದಕ್ಕ ಕಟ್ಟಿಗಿ ಕೊಟ್ಟಾಂವ ನಾನ, ನಿಮ್ಮ ದೋಣಿ ನಮ್ಮ ಬೆಲ್ಲದ ಗಾಣದ ಒಲಿಗೆ."

ಇಳಿಯುವ ಹಾಯಿಯನ್ನು ಹಿಡಿಯಲು ಕೆಳಗೊಂದು ಜೋಲಿ ಬೇಕು, ಅಷ್ಟೇ! ಲಗಮಪ್ಪ ಬಾಜೂ ಮನೆಯ ಕಾಶೆವ್ವನ ಬಾಗಿಲಿಗೆ ಓಡಿದ.

"ಕಾಕು, ಒಂದ ಹಳೇ ಸೀರಿ ಕೊಡ್ರಿ. ಜೋಲಿ ಕಟ್ಟಬೇಕಾಗೇತಿ."

"ಅಯ್ಯ ನನ್ನಪ್ಪಾ! ನಿನ್ನ ಹೇಂತಿ ದಾಕ್ಷಾಯಿಣಿ ಒಂದ ಮಾತೂ ಹೇಳಲಿಲ್ಲಲ್ಲೋ!"

"ಅಕೀಗೇನ ಗೊತ್ತ್ರಿ ಇದು? ಎಲ್ಲಾ ನಂದ ಕೆಲಸ!" ಎಂದವನೇ ಸೀರೆ ಕಸಿದುಕೊಂಡು ಹೊಳೆಗೆ ಓಡಿದ.

ಸೀರೆಯನ್ನು ಜೋಡು ಮಡಚಿ, ದಬ್ಬಣದಿಂದ ಅಂಚು ಹೊಲಿದು, ಒಂದು ತುದಿಯನ್ನು ಹಾಯಿಕಂಬಕ್ಕೂ ಇನ್ನೊಂದನ್ನು ಹಿಂದಿನ ಗೂಟಗಳಿಗೂ ಬಿಗಿದ. ಹಗ್ಗ ಬಿಟ್ಟ. ಹಾಯಿ ಸರ್ರನೆ ಇಳಿದು ಮಡಿಕೆ ಮಡಿಕೆಯಾಗಿ ಜೋಲಿಯಲ್ಲಿ ಕೂತಿತು.

"ಹಿಡೀತು! ಹಿಡೀತಲೇ!" ಲಗಮಪ್ಪ ಕುಣಿದ ರಭಸಕ್ಕೆ ದೋಣಿಯೂ ಕುಣಿಯಿತು. ಹಾಯಿಯನ್ನು ಮತ್ತೆ ಏರಿಸಿ ಮಾವನ ದಾರಿ ಕಾಯುತ್ತ ಕೂತ.

ಮೊದಲು ಬಂದದ್ದು ಕಾಶೆವ್ವ, ಬೆನ್ನಿಗೆ ಓಣಿಯ ಅರ್ಧ ಹೆಂಗಸರು. ಅವರ ಕೈಯಲ್ಲಿ ಬಸುರಿ ಬಾಣಂತಿಯರಿಗೆ ಕೊಡುವ ಅಂಟಿನುಂಡಿಯ ಡಬ್ಬಿ. ಅವರಲ್ಲೊಬ್ಬಳಾದ ಉದ್ದವ್ವನ ಸೊಂಟದಲ್ಲಿ ಕಿರುಚುವ ಮೊಮ್ಮಗ. ದಂಡೆಗೆ ಕಟ್ಟಿದ್ದ ದೋಣಿಯಲ್ಲಿ ಜೋಲಿ ಗಾಳಿಗೆ ತೂಗುತ್ತಿತ್ತು.

"ಏ ಲಗಮಪ್ಪಾ! ಖಾಲಿ ಜೋಲಿ ತೂಗಬಾರದೋ! ಹುಟ್ಟೂ ಕೂಸಿಗೆ ಚಲೋ ಅಲ್ಲ!" ಎಂದಳು ಕಾಶೆವ್ವ.

"ಯಾವ ಕೂಸ್ರಿ? ಅದು ಹಾಯಿ..."

ಮಾತು ಮುಗಿಯುವಷ್ಟರಲ್ಲಿ ಉದ್ದವ್ವ ಮೊಮ್ಮಗನನ್ನು ಜೋಲಿಗೆ ಹಾಕಿಯೇಬಿಟ್ಟಳು. ಹುಟ್ಟಿದಾಗಿನಿಂದ ಓಣಿಯ ನಿದ್ದೆ ಕೆಡಿಸಿದ್ದ ಆ ಕೂಸು ಎರಡು ಸಲ ತೂಗುವುದರೊಳಗೆ ಗೊರಕೆ ಹೊಡೆಯಿತು!

ಅಷ್ಟರಲ್ಲಿ ಮನೆಯಿಂದ ಮಗಳು ದಾಕ್ಷಾಯಿಣಿಯನ್ನು ಕರೆದುಕೊಂಡು ಸಿದ್ರಾಯ ಬಂದ. "ಎಲ್ಲಿ, ಇಳಸ್ರಿ ನೋಡೂಣು."

ಲಗಮಪ್ಪ ಹುರುಪಿನಿಂದ ಹಗ್ಗಕ್ಕೆ ಕೈ ಹಾಕಿದ.

"ಕೈ ತಗೀ! ಕೂಸ ಮಲಗೇತಿ!" ಹೆಂಗಸರೆಲ್ಲ ಒಟ್ಟಿಗೆ ಗದರಿದರು.

ಸಿದ್ರಾಯ ಜೋಲಿಯೊಳಗೆ ಇಣುಕಿದ. ಕಾಶೆವ್ವ ಅವನ ಕಿವಿಯಲ್ಲೇನೋ ಉಸುರಿದಳು. ಮುದುಕನ ಮುಖ ಅರಳಿತು. "ಅಳಿಯಂದ್ರ, ದೋಣಿ ಸುಡೂದಿಲ್ಲ!"

ಲಗಮಪ್ಪನಿಗೆ ಹೋದ ಜೀವ ಬಂದಂತಾಯಿತು.

"ಇಂಥಾ ತೊಟ್ಟಿಲಾ ಯಾರ ಸುಡ್ತಾರ? ಟ್ರ್ಯಾಕ್ಟರ್ ತರ್ರಿ, ಹಿಂಗ ಒಯ್ದು ಅಂಗಳದಾಗ ಇಡೂಣು. ನನ್ನ ಮೊಮ್ಮಗ ಬರೂತನಕ ಓಣಿ ಕೂಸಗೋಳು ಮಲಗಲಿ. ಇನ್ನ ಇದು ನೀರಿಗಿ ಇಳಿಯಂಗಿಲ್ಲ!"

"ಮೊಮ್ಮಗ ಎಲ್ಲಿಂದ ಬಂದ್ರಿ, ಮಾವಾರ?" ಲಗಮಪ್ಪ ಅಳುವಂತಾಗಿ ಹೆಂಡತಿಯತ್ತ ನೋಡಿದ. ನೀನಾದರೂ ಹೇಳು!

ದಾಕ್ಷಾಯಿಣಿ ಅಂಟಿನುಂಡಿ ಕಚ್ಚುತ್ತ ಪಿಸುಗುಟ್ಟಿದಳು: "ಇವರಿಗೆ ಹೆಂಗ ಗೊತ್ತಾತ್ರಿ? ನಿಮಗ ನಾಳೆ ಹೇಳೂನು ಅಂತ ಮಾಡಿದ್ನಿ."

ಗಾಳಿ ನಿಂತಿತು. ಕೂಸು ಮಿಸುಕಾಡಿತು.

"ಅಳಿಯಂದ್ರ, ನೋಡ್ಕೋತ ಏನ ನಿಂತೀರಿ?" ಎಂದ ಸಿದ್ರಾಯ. "ತೂಗ್ರಿ!"